ಕೊನೆ ಕೈ ಮೊದಲು

ಸಿರಾ
2 ಸೆಪ್ಟೆಂಬರ್ 2024

ಬೇಟಿ ಶಾಜಿಯಾ,

ನಿನ್ನ ಮಾಮು ಹಿದಾಯತುಲ್ಲಾನ ಸಲಾಂ, ದುವಾ. ನಾಲ್ಕು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ವಳ್ಳೂರಿನ ಸ್ಕೂಲಲ್ಲಿ ಮಕ್ಕಳ ಪರೀಕ್ಷೆ ಇರಬೇಕು ಅಂತ ನಿನ್ನ ಮಾಮಿ ಅಂದಳು. ಇರಲಿ ಬಿಡು, ನನಗೂ ಫೋನು ಆಗಿಬರಲ್ಲ. ಫೋನಿನಲ್ಲಿ ನನ್ನ ಬಾಯಿ ಮುಂದೆ ಓಡುತ್ತೆ, ಬುದ್ಧಿ ಏದುಸಿರು ಬಿಡುತ್ತಾ ಹಿಂದೆ ಬರುತ್ತೆ. ಕಾಗದದ ಮೇಲಾದರೆ ಎರಡೂ ಜೊತೆಗೆ ನಡೆಯುತ್ತವೆ. ಮೂವತ್ತು ದಾಟಿದ ಮೇಲೆ, ಲೇತ್ ಮೆಷಿನ್ ಪಕ್ಕ ಹಳೇ ಪೇಪರ್ ಹಾಸಿಕೊಂಡು ಅಕ್ಷರ ಕೂಡಿಸಿಕೊಂಡವನು ನಾನು. ತಪ್ಪಿದ್ದರೆ, ಟೀಚರಮ್ಮ, ನೀನೇ ತಿದ್ದಿಕೊಂಡು ಓದು.

ವಿಷಯ ಇಷ್ಟೇ. ನಿನ್ನ ತಮ್ಮ ಮುಸವೀರ್ ಆಗಸ್ಟ್ ಹನ್ನೆರಡನೇ ತಾರೀಕು ನನ್ನ ವರ್ಕ್‌ಶಾಪ್ ಬಿಟ್ಟು ಹೋದವನು ಇನ್ನೂ ಬಂದಿಲ್ಲ. ಫೋನ್ ಸ್ವಿಚ್ ಆಫ್. ನಿನ್ನ ಹತ್ತಿರ ಏನಾದರೂ ಮಾತಾಡಿದನಾ? ಮಾತಾಡಿದ್ದರೆ ಹೇಳು, ಮಾಮುಗೆ ಕೋಪ ಇಳಿದಿದೆ, ಬಂದು ವೆಲ್ಡಿಂಗ್ ಹಿಡಿಯಲಿ ಅಂತ. ನಾನೇನು ಅವನನ್ನು ಓಡಿಸಲಿಲ್ಲ. ಒಂದು ಮಾತು ಅಂದೆ, ಅಷ್ಟೇ. ಎಂಟು ವರ್ಷ ಕೈ ಹಿಡಿದು ಕಲಿಸಿದ ಸೋದರಮಾವ ಒಂದು ಮಾತು ಅನ್ನಬಾರದಾ?

ಯಾಕೆ ಅಂದೆ ಅನ್ನೋದೂ ನಿನಗೆ ಗೊತ್ತಿರಲಿ. ನೀನು ಅಂಗಡಿ ಒಳಗೆ ಬಂದು ಬಹಳ ವರ್ಷ ಆಯಿತು. ಈಗ ನಮಗೆ ಮುಖ್ಯವಾಗಿ ಎರಡೇ ಕೆಲಸ. ಒಂದು, ಟ್ರ್ಯಾಕ್ಟರಿನ ಸವೆದ ಶಾಫ್ಟು. ಸವೆದ ಜಾಗವನ್ನು ಮೊದಲು ಮುಸವೀರ್ ವೆಲ್ಡಿಂಗ್ ಮಾಡಿ ತುಂಬಿಸುತ್ತಾನೆ, ಹನ್ನೆರಡು ನಿಮಿಷದ ಕೆಲಸ. ಆಮೇಲೆ ನಾನು ಲೇತಿಗೆ ಕಟ್ಟಿ ಹೆರೆದು ಅಳತೆಗೆ ತರುತ್ತೇನೆ, ಒಂದೂಕಾಲು ಗಂಟೆ. ಇನ್ನೊಂದು, ಕುರಿ ದೊಡ್ಡಿಯ ಕಬ್ಬಿಣದ ಗೇಟು. ಅದು ಉಲ್ಟಾ. ಮೊದಲು ನಾನು ಲೇತಿನಲ್ಲಿ ಗೇಟು ತಿರುಗೋಕೆ ಬೇಕಾದ ಪಿನ್ನು, ಬುಷ್ಷು ಹೊಡೆದುಕೊಡುತ್ತೇನೆ, ಹನ್ನೆರಡು ನಿಮಿಷ. ಆಮೇಲೆ ಅವನು ಗೇಟು ಪೂರ್ತಿ ಕಟ್ಟುತ್ತಾನೆ, ಒಂದೂಕಾಲು ಗಂಟೆ. ದಿನಕ್ಕೆ ನಾಲ್ಕು ಶಾಫ್ಟು, ನಾಲ್ಕು ಗೇಟು ಬರುತ್ತವೆ. ಲೆಕ್ಕ ಹಾಕು: ಇಬ್ಬರಿಗೂ ಆರು ಗಂಟೆಗಿಂತ ಕಮ್ಮಿ ಕೆಲಸ. ನಮ್ಮ ದಿನ ಎಂಟು ಗಂಟೆಯದು. ಎರಡು ಗಂಟೆ ಟೀ ಕುಡಿದುಕೊಂಡು ಕೂತರೂ ಸಂಜೆಗೆ ಅಂಗಡಿ ಖಾಲಿ ಆಗಬೇಕು.

ಆಗಲಿಲ್ಲ. ಬಕ್ರೀದ್ ಆದ ವಾರ ಟ್ರಾನ್ಸ್‌ಫಾರ್ಮರ್ ಸುಟ್ಟು ನಾಲ್ಕು ದಿನ ಕರೆಂಟ್ ಇರಲಿಲ್ಲ. ಗೇಟಿನವರನ್ನು ಆಮೇಲೆ ಬನ್ನಿ ಅಂತ ಕಳಿಸಿದೆ, ಶಾಫ್ಟು ಮಾತ್ರ ಇಳಿಸಿಕೊಂಡೆ, ಹದಿನಾರು ರಾಶಿ ಬಿತ್ತು. ಅದು ಕರಗುವ ಹೊತ್ತಿಗೆ ಇಪ್ಪತ್ತಾರು ಗೇಟು. ಅದು ಕರಗುವ ಹೊತ್ತಿಗೆ ನಲವತ್ತರ ಮೇಲೆ ಶಾಫ್ಟು. ಒಂದು ರಾಶಿ ಇಳಿದರೆ ಇನ್ನೊಂದು ಅದಕ್ಕಿಂತ ದೊಡ್ಡದಾಗಿ ಏಳುತ್ತೆ. ಮತ್ತೆ ಈ ನಿನ್ನ ತಮ್ಮ, ನಾನು ಲೇತಿನ ಮುಂದೆ ಬೆನ್ನು ಬಗ್ಗಿಸಿಕೊಂಡು ಸಾಯುತ್ತಿದ್ದರೆ, ವಾರಗಟ್ಟಲೆ ಸ್ಟೂಲಿನ ಮೇಲೆ ಕೂತು ಮೊಬೈಲ್ ಒತ್ತುತ್ತಿದ್ದ. ಕೇಳಿದರೆ, "ನೀವು ಕೊಟ್ರೆ ತಾನೆ ಮಾಮು ನಾನು ಮಾಡೋದು" ಅನ್ನೋನು. ಕಣ್ಣಿಗೆ ಕಾಣುವ ರಾಶಿ ಇಟ್ಟುಕೊಂಡು ಹಂಗನ್ನಬಹುದಾ?

ನಮ್ಮ ಗೋಡೆ ಮೇಲೆ ನಾನೇ ಬಣ್ಣದಲ್ಲಿ ಬರೆದದ್ದು ನಿನಗೆ ನೆನಪಿರಬೇಕು: ಕೊನೆ ಕೈ ಮೊದಲು. ಯಾವುದು ಇನ್ನೊಂದು ಕೈ ಬಿದ್ದರೆ ಮುಗಿಯುತ್ತೋ ಅದನ್ನು ಮೊದಲು ಮುಗಿಸು, ಗಿರಾಕಿ ಎತ್ತಿಕೊಂಡು ಹೋಗಲಿ, ಹೊಸದಕ್ಕೆ ಆಮೇಲೆ ಕೈ ಹಾಕು. ಈ ನಿಯಮ ನೋಡಿ ಕೊರಟಗೆರೆಯ ಎರಡು ವರ್ಕ್‌ಶಾಪಿನವರು ತಮ್ಮ ಗೋಡೆಗೂ ಬರೆಸಿಕೊಂಡರು. ಅಂಥ ನಿಯಮ ಇದ್ದೂ ರಾಶಿ ಬೀಳುತ್ತೆ ಅಂದರೆ ಯಾರದೋ ಕೈ ಸೋಮಾರಿ ಅಂತಲೇ ಅರ್ಥ. ಆಗಸ್ಟ್ ಮೊದಲ ಹತ್ತು ದಿನ ನಾನು ಕೈ ಸ್ವಲ್ಪ ಚುರುಕು ಮಾಡಿದೆ ನೋಡು, ರಾಶಿ ಅರ್ಧಕ್ಕೆ ಇಳಿಯಿತು.

ಅವನು ಎಲ್ಲಿದ್ದಾನೆ ಅಂತ ಬರಿ. ನಿನ್ನ ಅಮ್ಮಿ ಇದ್ದಿದ್ದರೆ ಅವಳೇ ಕಿವಿ ಹಿಡಿದು ಕರಕೊಂಡು ಬರೋಳು.

ನಿನ್ನ ಮಾಮು,
ಹಿದಾಯತುಲ್ಲಾ


ವಳ್ಳೂರು
19 ಸೆಪ್ಟೆಂಬರ್ 2024

ಮಾಮುಗೆ ಸಲಾಂ.

ಕಾಗದ ಬಂತು. ಪರೀಕ್ಷೆ ಇರಲಿಲ್ಲ.

ಮುಸವೀರ್ ಚೆನ್ನಾಗಿದ್ದಾನಂತೆ. ಎಲ್ಲಿದ್ದಾನೆ ಅಂತ ಬರೆಯಬೇಡ ಅಂದಿದ್ದಾನೆ, ಹಾಗಾಗಿ ಬರೆಯಲ್ಲ.

ನೀವು ಅಂದದ್ದು ಒಂದೇ ಮಾತಾ, ಮಾಮು?

ಶಾಜಿಯಾ


ಸಿರಾ
25 ಸೆಪ್ಟೆಂಬರ್ 2024

ಬೇಟಿ ಶಾಜಿಯಾ,

ನಿನ್ನ ಕಾಗದ ನಮ್ಮ ಕರೆಂಟ್ ಬಿಲ್‌ಗಿಂತ ಚಿಕ್ಕದಾಗಿತ್ತು. ಸಂತೋಷ, ಹುಡುಗ ಚೆನ್ನಾಗಿದ್ದಾನಲ್ಲ, ಅಷ್ಟು ಸಾಕು.

ಒಂದೇ ಮಾತಾ ಅಂತ ಕೇಳಿದ್ದೀಯ. ಎರಡಿರಬಹುದು. ಕೋಪದಲ್ಲಿ ಎಣಿಸಿಕೊಂಡು ಬೈಯೋರು ಯಾರು? ಅವತ್ತು ಮದಲೂರಿನ ಓಬಳಮ್ಮ ಗೇಟು ತಗೊಂಡು ಹೋಗೋಕೆ ಬಂದಿದ್ದಳು. ಅರವತ್ತು ಕುರಿ ಇರೋ ಹೆಂಗಸು, ಬಾಯಿ ಅಂದರೆ ಬಾಯಿ. "ಏನ್ ಸಾಬ್ರೆ, ನನ್ನ ಗೇಟು ಇನ್ನೂ ಬಸುರಾಗೇ ಐತಾ? ಹೆರಿಗೆ ಯಾವಾಗ?" ಅಂತ ಹತ್ತು ಜನರ ಮುಂದೆ ಕೇಳಿದಳು. ತಿರುಗಿ ನೋಡಿದರೆ ಅವಳ ಗೇಟು ಅರ್ಧ ಕಟ್ಟಿ ನೆಲದ ಮೇಲೆ ಬಿದ್ದಿದೆ, ನಿನ್ನ ತಮ್ಮ ಅದನ್ನು ಬಿಟ್ಟು ಯಾವುದೋ ಹೊಸ ಶಾಫ್ಟು ತುಂಬಿಸುತ್ತಾ ಕೂತಿದ್ದಾನೆ. ಕೊನೆ ಕೈಯ ಕೆಲಸ ಕಣ್ಣ ಮುಂದೆ ಇರುವಾಗ! ನನ್ನ ಗೋಡೆ ಕೆಳಗೇ ಕೂತುಕೊಂಡು! ನೀನೇ ಹೇಳು, ಮೈ ಉರಿಯಲ್ವಾ?

ಹೋಗಲಿ. ಈಗ ಹೊಳವನಹಳ್ಳಿಯಿಂದ ಸಂಜೀವಯ್ಯ ಅಂತ ಒಬ್ಬರು ವೆಲ್ಡರ್ ಬಂದಿದ್ದಾರೆ. ಐವತ್ತೈದು ವಯಸ್ಸು. ಬೆಳಿಗ್ಗೆ ಬಸ್ಸಿಗೆ ಬಂದು ನಾನು ಶಟರ್ ಎತ್ತುವ ಮೊದಲೇ ನಿಂತಿರುತ್ತಾರೆ. ಬೀಡಿ ಇಲ್ಲ, ಮೊಬೈಲ್ ಇಲ್ಲ, ನಿಯಮ ಅಂದರೆ ನಿಯಮ. ಇನ್ನು ಹದಿನೈದು ದಿನದಲ್ಲಿ ಅಂಗಡಿ ಮುಂದೆ ನೀನು ರಂಗೋಲಿ ಬಿಡುವಷ್ಟು ಜಾಗ ಆಗುತ್ತೆ, ಬರೆದಿಟ್ಟುಕೊ. ಇದನ್ನು ಮುಸವೀರ್‌ಗೂ ಹೇಳು. ಕೆಲಸ ಅಂದರೆ ಹೆಂಗಿರುತ್ತೆ ಅಂತ ಗೊತ್ತಾಗಲಿ.

ಹಿದಾಯತುಲ್ಲಾ


ಸಿರಾ
20 ಅಕ್ಟೋಬರ್ 2024

ಬೇಟಿ ಶಾಜಿಯಾ,

ಸಲಾಂ. ಇಪ್ಪತ್ತೈದು ದಿನ ಆಯಿತು, ನಿನ್ನಿಂದ ಒಂದಕ್ಷರ ಇಲ್ಲ. ಪೋಸ್ಟಿನಲ್ಲಿ ತಪ್ಪಿರಬೇಕು ಅಂದುಕೊಂಡೆ, ಮೊನ್ನೆ ಪೋಸ್ಟ್‌ಮ್ಯಾನ್ ನಾಗಲಿಂಗಯ್ಯನ್ನ ನಿಲ್ಲಿಸಿ ಕೇಳಿಯೂ ಕೇಳಿದೆ. "ಬರೆಯೋರು ಬರೆದ್ರೆ ನಾನು ತಂದ್ಕೊಡ್ತೀನಿ ಸಾಬ್ರೆ, ನಾನೇ ಬರ್ಕೊಡೋಕಾಯ್ತದಾ?" ಅಂದ.

ರಂಗೋಲಿ ವಿಷಯ ಬರೆದಿದ್ದೆನಲ್ಲ. ಅದು ಆಗಲಿಲ್ಲ ಕಣಮ್ಮ.

ಈಗ ಅಂಗಡಿ ಮುಂದೆ ಐವತ್ತೆಂಟು ಗೇಟಿನ ಕೆಲಸ ಬಿದ್ದಿದೆ. ರಸ್ತೆಗೂ ಬಂದಿದೆ. ಹಬ್ಬ ಇಲ್ಲ, ಕರೆಂಟ್ ಹೋಗಿಲ್ಲ, ಬರೋ ಕೆಲಸ ದಿನಕ್ಕೆ ಅದೇ ನಾಲ್ಕು, ನಾಲ್ಕು. ಸಂಜೀವಯ್ಯನ ಕೈಯಲ್ಲಿ ಸೋಮಾರಿತನ ಹುಡುಕಿದರೂ ಸಿಗಲ್ಲ. ಆದರೂ ಹೋದ ಇಡೀ ವಾರ ಅವರು ಸ್ಟೂಲಿನ ಮೇಲೆ ಕೂತಿದ್ದರು. ಅದೇ ಸ್ಟೂಲು. ನಾನು ಲೇತಿನಿಂದ ತಿರುಗಿ ನೋಡಿದೆ. ಅವರಿಗೆ ಸಂಕಟ ಆಯಿತು ಅಂತ ಕಾಣುತ್ತೆ, ಎದ್ದು ನಿಂತರು. "ನಾನೇನ್ ಮಾಡ್ಲಿ ಸಾಬ್ರೆ, ನೀವು ಕೊಟ್ರೆ ತಾನೆ ನಾನು ಮಾಡೋದು" ಅಂದರು.

ಕೂತ್ಕೊಳ್ಳಿ ಅಂದು ಲೇತಿಗೆ ತಿರುಗಿದೆ. ಹಿರಿಯ ಮನುಷ್ಯ.

ನಿನಗೆ ಲೆಕ್ಕ ಚೆನ್ನಾಗಿ ಬರುತ್ತೆ ಅಂತ ಬರೀತಿದ್ದೀನಿ, ಬೇರೆ ಏನಿಲ್ಲ. ಇಬ್ಬರಿಗೂ ದಿನಕ್ಕೆ ಎರಡು ಗಂಟೆ ಬಿಡುವು ಇದೆ. ಆದರೂ ರಾಶಿ ಬೆಳೀತಿದೆ. ಇದು ಯಾವ ಲೆಕ್ಕ?

ಹಿದಾಯತುಲ್ಲಾ


ವಳ್ಳೂರು
28 ಅಕ್ಟೋಬರ್ 2024

ಮಾಮು,

ಲೆಕ್ಕ ಆಮೇಲೆ. ಮೊದಲು ಎರಡು ಪ್ರಶ್ನೆ. ನಮ್ಮ ಸ್ಕೂಲ್ ಮಕ್ಕಳಿಗೆ ಹೇಳುವ ಹಾಗೆ ಹೇಳುತ್ತೇನೆ: ಪೂರ್ತಿ ವಾಕ್ಯದಲ್ಲಿ ಉತ್ತರಿಸಿ.

ಒಂದು. ರಾಶಿ ಗೇಟಿನದಾಗಿದ್ದಾಗ, ಮುಸವೀರ್ ಗೇಟು ಕಟ್ಟುತ್ತಾ ನಿಂತಾಗ, ಲೇತು ಖಾಲಿ ಇರುತ್ತಿತ್ತಲ್ಲ? ಆಗ ನೀವೂ ವಾರಗಟ್ಟಲೆ ಕೂತಿರುತ್ತಿದ್ದಿರಿ. ಆ ಮನುಷ್ಯನನ್ನು ನೀವು ಏನಂತ ಕರೆಯುತ್ತಿದ್ದಿರಿ? ಮುಸವೀರ್ ಕೂತರೆ ಸೋಮಾರಿ. ಸಂಜೀವಯ್ಯ ಕೂತರೆ ಹಿರಿಯ ಮನುಷ್ಯ. ನೀವು ಕೂತರೆ?

ಎರಡು. ಆಗಸ್ಟ್ ಮೊದಲ ಹತ್ತು ದಿನ ರಾಶಿ ಅರ್ಧಕ್ಕೆ ಇಳಿಯಿತು ಅಂತ ಬರೆದಿದ್ದಿರಿ, ನಿಮ್ಮ ಕೈ ಚುರುಕಾಗಿದ್ದಕ್ಕೆ ಅಂತ. ಆ ಹತ್ತು ದಿನ ಬೆಳಿಗ್ಗೆ ನೀವು ಎಷ್ಟು ಹೊತ್ತಿಗೆ ಅಂಗಡಿಗೆ ಬರುತ್ತಿದ್ದಿರಿ? ಬಂದಾಗ ಲೇತಿನ ಪಕ್ಕದಲ್ಲಿ ಏನಿರುತ್ತಿತ್ತು?

ಅಮ್ಮಿ ಹೆಸರನ್ನು ಕಾಗದದಲ್ಲಿ ಎಳೆಯಬೇಡಿ. ಅವತ್ತು ಅಂಗಡಿಯಲ್ಲಿ ಒಂದು ಸಲ ಎಳೆದದ್ದು ಸಾಕು.

ಶಾಜಿಯಾ


ಸಿರಾ
9 ನವೆಂಬರ್ 2024

ಬೇಟಿ ಶಾಜಿಯಾ,

ಅಂಗಡಿಯಲ್ಲಿ ನಿನ್ನ ಅಮ್ಮಿ ಹೆಸರು ಎತ್ತಿದ್ದನ್ನು ನಾನು ನಿನಗೆ ಬರೆದಿರಲಿಲ್ಲ. ಅಂದರೆ ಅವನು ನಿನ್ನ ಹತ್ತಿರವೇ ಇದ್ದಾನೆ. ನನ್ನ ಕಾಗದ ಎಲ್ಲ ಅವನೂ ಓದುತ್ತಿದ್ದಾನೆ. ಸಂಜೀವಯ್ಯನ್ನ ಹೊಗಳಿ "ಮುಸವೀರ್‌ಗೂ ಹೇಳು" ಅಂತ ಬರೆದೆನಲ್ಲ, ಅದನ್ನೂ ಓದಿರುತ್ತಾನೆ. ಇದು ತಿಳಿದ ಮೇಲೆ ಎರಡು ದಿನ ಪೆನ್ನು ಮುಟ್ಟಲಿಲ್ಲ.

ನಿನ್ನ ಪ್ರಶ್ನೆಗೆ ಪೂರ್ತಿ ವಾಕ್ಯದಲ್ಲಿ ಉತ್ತರ ಕೊಡುತ್ತೇನೆ.

ಒಂದು. ನಾನು ಕೂತಾಗ, "ಇವನು ಶಾಫ್ಟು ತುಂಬಿಸಿ ಕೊಡಲಿಲ್ಲ, ಅದಕ್ಕೆ ನಾನು ಕೂತಿದ್ದೇನೆ" ಅಂದುಕೊಳ್ಳುತ್ತಿದ್ದೆ. ಅವನು ಕೂತಾಗ, "ನಾನು ದುಡಿಯುತ್ತಿದ್ದೇನೆ, ಇವನು ಕೂತಿದ್ದಾನೆ" ಅಂದುಕೊಳ್ಳುತ್ತಿದ್ದೆ. ಕೂತದ್ದು ಇಬ್ಬರೂ ಒಂದೇ ಥರ. ಒಬ್ಬೊಬ್ಬರು ಒಂದೊಂದು ವಾರ. ತಪ್ಪು ಮಾತ್ರ ಎರಡು ಸಲವೂ ಅವನದೇ. ಇದನ್ನು ಬರೆಯುವಾಗ ನನ್ನ ಕೈ ನನಗೇ ಬೇರೆಯವರದ್ದು ಅನ್ನಿಸುತ್ತಿದೆ.

ಎರಡನೆಯದು ಬರೆಯುವ ಮೊದಲು ನಿನ್ನೆ ನಡೆದದ್ದು ಕೇಳು. ನಿನ್ನೆ ಜುಮ್ಮಾ. ನಮಾಜ್ ಮುಗಿಸಿ ಬಂದು ಶಟರ್ ಅರ್ಧ ಇಳಿಸಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ಚೌಕ ಬರೆದೆ. ಒಂದು ಲೇತು, ಒಂದು ವೆಲ್ಡಿಂಗು. ಹುಣಸೆ ಬೀಜ ಅಂದರೆ ಶಾಫ್ಟು, ಕಡಲೆಕಾಯಿ ಅಂದರೆ ಗೇಟು. ಸಂಜೀವಯ್ಯ ವೆಲ್ಡಿಂಗ್ ಚೌಕದ ಮುಂದೆ ಕೂತರು, ನಾನು ಲೇತಿನ ಮುಂದೆ. ಗೋಡೆ ಮೇಲಿನ ನಿಯಮದ ಪ್ರಕಾರ ಒಂದೊಂದೇ ದಿನದ ಕೆಲಸ ಬೀಜ ಸರಿಸಿ ನಡೆಸುತ್ತಾ ಹೋದೆವು. ಮೂರನೇ ದಿನಕ್ಕೆ ನೋಡುತ್ತೇನೆ, ಲೆಕ್ಕಕ್ಕಿಂತ ಕಡಲೆಕಾಯಿ ಕಮ್ಮಿ. "ಗೇಟು ತಿನ್ನಬೇಡ್ರೀ ಸಂಜೀವಯ್ಯ!" ಅಂದೆ. "ಹುರಿದಿದ್ದು ಇಟ್ರೆ ಇನ್ನೇನ್ ಮಾಡ್ಲಿ ಸಾಬ್ರೆ" ಅಂದರು. ಇನ್ನೊಂದು ಹಿಡಿ ತರಿಸಿ ಮತ್ತೆ ಮೊದಲಿಂದ ಶುರು ಮಾಡಿದೆವು.

ಸಂಜೀವಯ್ಯ ಗೇಟು ಮುಗಿಸುತ್ತಾ ಇದ್ದಾಗ ಹೊಸ ಶಾಫ್ಟು ಅವರ ಹಿಂದೆ ಗುಡ್ಡೆಯಾಗುತ್ತೆ. ಅದನ್ನು ಅವರು ಮುಟ್ಟುವ ಹಾಗಿಲ್ಲ, ಕೊನೆ ಕೈ ಮೊದಲಲ್ಲವಾ? ಮುಟ್ಟದೆ ನನಗೆ ಶಾಫ್ಟು ಬರಲ್ಲ. ನಾನು ಪಿನ್ನು ಹೊಡೆದುಕೊಟ್ಟು ಸುಮ್ಮನೆ ಕೂರುತ್ತೇನೆ. ಅವರ ಗೇಟು ಎಲ್ಲ ಮುಗಿದ ಮೇಲೆ ಆ ಗುಡ್ಡೆ ಶಾಫ್ಟು ಹನ್ನೆರಡು ಹನ್ನೆರಡು ನಿಮಿಷಕ್ಕೆ ದಬದಬ ಅಂತ ನನ್ನ ಮೇಲೆ ಬೀಳುತ್ತವೆ. ಈಗ ನಾನು ಶಾಫ್ಟು ಮುಗಿಸುತ್ತಾ ನಿಂತೆ, ಪಿನ್ನು ಮುಟ್ಟುವ ಹಾಗಿಲ್ಲ. ಪಿನ್ನಿಲ್ಲದೆ ಅವರಿಗೆ ಗೇಟಿಲ್ಲ. ಅವರು ಕೂರುತ್ತಾರೆ. ನನ್ನ ಹಿಂದೆ ಕಡಲೆಕಾಯಿ ಗುಡ್ಡೆ, ಮೊದಲಿಗಿಂತ ದೊಡ್ಡದು. ಒಂದು ಕೈ ಆಡುವಾಗ ಇನ್ನೊಂದು ಕೈ ಕಟ್ಟಿರುತ್ತೆ. ಇಬ್ಬರು ಮನುಷ್ಯರು, ಎರಡು ಮೆಷಿನು, ಆದರೆ ಲೆಕ್ಕಕ್ಕೆ ಒಬ್ಬನೇ. ಆ ಒಬ್ಬನ ತಲೆ ಮೇಲೆ ದಿನಕ್ಕೆ ನಾಲ್ಕು ಶಾಫ್ಟು, ನಾಲ್ಕು ಗೇಟು, ಒಂದೂಕಾಲು ಗಂಟೆಯಂತೆ ಒಟ್ಟು ಹತ್ತು ಗಂಟೆ. ದಿನ ಇರೋದೇ ಎಂಟು.

ರಾಶಿ ಬೆಳೆಯದೆ ಏನು ಮಾಡುತ್ತೆ? ಒಂದು ಸಲ ಕರೆಂಟ್ ಹೋಗಿ ತೂಗಾಟ ಶುರುವಾಯಿತು, ಆಮೇಲೆ ಅದನ್ನು ತೂಗುತ್ತಾ ಹೋದದ್ದು ನನ್ನ ನಿಯಮ. ಸೋಮಾರಿ ಕೈ ಯಾವುದೂ ಇರಲಿಲ್ಲ.

ಸಂಜೀವಯ್ಯ ಬೀಜ ನೋಡುತ್ತಾ, "ಬೆಳಗ್ಗೆ ಮೊದಲ್ನೇ ಗಂಟೇಲಿ ಹೊಸ ಶಾಫ್ಟು ನಾಕೈದು ತುಂಬ್ಸಿ ಇಟ್ಬುಟ್ರೆ? ನೀವೂ ಕೂರಾಕಿಲ್ಲ, ನಾನೂ ಕೂರಾಕಿಲ್ಲ" ಅಂದರು. ಹಂಗೇ ನಡೆಸಿ ನೋಡಿದೆವು. ಬೀಜದ ಲೆಕ್ಕದ ಆರು ದಿನದಲ್ಲಿ ಎರಡೂ ಗುಡ್ಡೆ ಕರಗಲು ಹತ್ತಿದವು.

ಈಗ ನಿನ್ನ ಎರಡನೇ ಪ್ರಶ್ನೆಗೆ ಉತ್ತರ. ಆಗಸ್ಟ್ ಮೊದಲ ಹತ್ತು ದಿನ ನಾನು ಒಂಬತ್ತೂವರೆಗೆ ಅಂಗಡಿಗೆ ಬರುತ್ತಿದ್ದೆ. ಬಂದಾಗ ಲೇತಿನ ಪಕ್ಕ ತುಂಬಿಸಿದ ನಾಲ್ಕೈದು ಶಾಫ್ಟು ಸಾಲಾಗಿ ಇರುತ್ತಿದ್ದವು. ಇನ್ನೂ ಬಿಸಿ ಇರುತ್ತಿದ್ದವು. ನಾನು ಕೇಳಲಿಲ್ಲ. ರಾಶಿ ಇಳಿಯುತ್ತಿತ್ತು, ನನ್ನ ಕೈಯ ಜೋರು ಅಂದುಕೊಂಡೆ.

ಇದಕ್ಕಿಂತ ಕೆಟ್ಟದ್ದು ಇದೆ, ಅದನ್ನು ಇಷ್ಟು ದಿನ ನಿನಗೆ ಬರೆಯಲಿಲ್ಲ. ಜುಲೈ ಕೊನೆಯಲ್ಲಿ ಅವನು ನನಗೆ ಹೇಳಿದ್ದ. ಬಾಯಿಬಿಟ್ಟು ಹೇಳಿದ್ದ. "ಮಾಮು, ದಿನಾ ಬೆಳಿಗ್ಗೆ ಮೊದಲು ಹೊಸಾದು ಸ್ವಲ್ಪ ಹಿಡಿಯೋಣ, ಇಲ್ಲಾಂದ್ರೆ ನಾವಿಬ್ರೂ ಸರದಿ ಮೇಲೆ ಕೂತ್ಕೊಂಡೇ ಇರ್ತೀವಿ." ಅದಕ್ಕೆ ನಾನು, "ಗೋಡೆ ಓದೋಕೆ ಬರುತ್ತಾ ನಿಂಗೆ? ಓದು" ಅಂದೆ. ಅವನು ಓದಿದ. ಜೋರಾಗಿ ಓದಿಸಿದೆ. ಮೂರು ಸಲ. ಮಾರನೇ ದಿನದಿಂದ ನನಗೆ ಗೊತ್ತಾಗದ ಹಾಗೆ ಬೇಗ ಬಂದು, ತನ್ನ ಹತ್ತಿರದ ಬೀಗದಕೈಯಲ್ಲಿ ಶಟರ್ ತೆಗೆದು ಮಾಡತೊಡಗಿದ್ದಾನೆ. ಹನ್ನೆರಡನೇ ತಾರೀಕು ಒಂದು ಶಾಫ್ಟು ತಡವಾಗಿ ಉಳಿದಿತ್ತು, ಅದರ ಮೇಲೆ ಕೈ ಇಟ್ಟಿರುವಾಗ ನನ್ನ ಕಣ್ಣಿಗೆ ಬಿದ್ದ. ಅವನನ್ನು ನಾನು ಕೆಲಸಗಳ್ಳ ಅಂದೆ. ಅಂಗಡಿಯನ್ನು ಬದುಕಿಸುತ್ತಿದ್ದ ಕೆಲಸ ಹಿಡಿದಿದ್ದಾಗ ಅಂದೆ. "ನಿಮ್ಮಮ್ಮಿ ನಿನ್ನ ಸಾಕಿದ್ದು ಕೂತು ತಿನ್ನೋದಕ್ಕಾ" ಅಂದೆ. ಅವನ ಕೈಯಿಂದ ವೆಲ್ಡಿಂಗ್ ಹೋಲ್ಡರ್ ಕಿತ್ತುಕೊಂಡೆ.

ಇವತ್ತು ಓಬಳಮ್ಮ ಇನ್ನೊಂದು ಗೇಟಿಗೆ ಬಂದಿದ್ದಳು. ಅವಳನ್ನು ಪಕ್ಕಕ್ಕೆ ಕರೆದು, "ಅವತ್ತು ತಪ್ಪು ನಮ್ಮ ಹುಡುಗಂದಲ್ಲ ಕಣಮ್ಮ, ನಂದು" ಅಂದೆ. ಅವಳು ನನ್ನ ಮುಖ ನೋಡಿ, "ಬೈದಿದ್ದು ಬೀದಿಗೆಲ್ಲಾ ಕೇಳ್ತು. ಇದನ್ನ ನನ್ನ ಒಬ್ಬಳ ಕಿವೀಗೆ ಹೇಳ್ತಿದೀರಲ್ಲಾ, ನನಗೇನು ಡಂಗುರ ಹೊಡೀ ಅಂತೀರಾ?" ಅಂದಳು. ಗೇಟು ಟೆಂಪೋಗೆ ಹಾಕಿಸಿಕೊಂಡು ಹೋದಳು.

ಗೋಡೆಗೆ ಸುಣ್ಣ ಬಳಿದೆ. ಅವನು ಬಂದರೆ ಬರಲಿ ಅಂತ ಬರೆಯುವ ಧೈರ್ಯ ಈಗ ಇಲ್ಲ.

ಮಾಮು


ವಳ್ಳೂರು
16 ನವೆಂಬರ್ 2024

ಮಾಮು,

ನಿಮ್ಮ ಕಾಗದವನ್ನು ಅವನೇ ಮೊದಲು ಓದಿದ. ಓದಿ ಮಡಚಿ ನನಗೆ ಕೊಟ್ಟು ಕೆಲಸಕ್ಕೆ ಹೋದ. ಸೋಲಾರ್ ಪ್ಯಾನೆಲ್ ತೊಳೆಯುವ ಕೆಲಸ. ದಿನವೆಲ್ಲ ನೀರಿನ ಪೈಪು ಹಿಡಿದು ಸಾಲು ಸಾಲು ನಡೆಯೋದು. ಎಂಟು ವರ್ಷ ವೆಲ್ಡಿಂಗ್ ಮಾಡಿದ ಕೈ. ಇದನ್ನು ಬರೆಯಬೇಡ ಅಂದಿದ್ದ. ಬರೆಯುತ್ತಿದ್ದೇನೆ.

ಅವನು ಈಗ ಏನು ಕೆಲಸ ಮಾಡುತ್ತಿದ್ದಾನೆ ಅಂತ ನೀವು ಒಂದು ಸಲವೂ ಕೇಳಲಿಲ್ಲ.

ಸೆಪ್ಟೆಂಬರ್ ಮೊದಲ ವಾರ ಮಧುಗಿರಿಯ ಬಸವೇಶ್ ಅವರ ವರ್ಕ್‌ಶಾಪಿಗೆ ಕೆಲಸ ಕೇಳಿಕೊಂಡು ಹೋಗಿದ್ದ. ಅವರು ಇವನ ಕೈ ನೋಡಿ ಸೋಮವಾರದಿಂದ ಬಾ ಅಂದರು. ಭಾನುವಾರ ಫೋನ್ ಮಾಡಿ, ಬೇಡ ಅಂದರು. ಯಾರನ್ನೋ ವಿಚಾರಿಸಿದೆವು ಅಂದರು. ಆಮೇಲೆ ಇವನು ಎಲ್ಲೂ ಕೇಳಿಕೊಂಡು ಹೋಗಿಲ್ಲ. ಯಾರನ್ನು ವಿಚಾರಿಸಿದರು ಅಂತ ಅವನು ನನ್ನ ಹತ್ತಿರ ಬಾಯಿಬಿಟ್ಟಿಲ್ಲ. ನಾನು ನಿಮ್ಮನ್ನು ಕೇಳುತ್ತಿದ್ದೇನೆ.

ನಿಮ್ಮ ನವೆಂಬರ್ ಕಾಗದದಲ್ಲಿ ಎಲ್ಲ ಇದೆ, ಅದೊಂದು ಇಲ್ಲ.

ಶಾಜಿಯಾ


ಸಿರಾ
1 ಡಿಸೆಂಬರ್ 2024

ಬೇಟಿ,

ಬಸವೇಶ್ ಫೋನ್ ಮಾಡಿದ್ದು ನನಗೇ. "ಹುಡುಗ ಹೆಂಗೆ ಸಾಬ್ರೆ?" ಅಂತ ಕೇಳಿದ. ನಾನು, "ಕೈ ಚೆನ್ನಾಗಿದೆ, ಮೈ ಬಗ್ಗಲ್ಲ. ಹೇಳಿದ ಮಾತು ಕೇಳೋನಲ್ಲ" ಅಂದೆ. ಅಷ್ಟು ಹೇಳಿ ಫೋನಿಟ್ಟು ಊಟಕ್ಕೆ ಹೋದೆ. ಅವನಿಗೆ ಬೇರೆ ಕಡೆ ಕೆಲಸ ಸಿಗದಿದ್ದರೆ ನನ್ನ ಹತ್ತಿರವೇ ವಾಪಸ್ ಬರುತ್ತಾನೆ ಅನ್ನುವ ಲೆಕ್ಕವೂ ಮನಸ್ಸಿನಲ್ಲಿತ್ತು. ಇದನ್ನು ಅಲ್ಲಾಹ್ ಬಿಟ್ಟರೆ ಈಗ ನಿನಗೊಬ್ಬಳಿಗೆ ಹೇಳುತ್ತಿದ್ದೇನೆ. ಅವನಿಗೂ ಓದಿಸು.

ನಿನ್ನ ಕಾಗದ ಬಂದು ಹತ್ತು ದಿನ ಮಧುಗಿರಿ ಬಸ್ಸು ನೋಡುತ್ತಾ ಇದ್ದೆ, ಹತ್ತಲಿಲ್ಲ. ಒಂದು ದಿನ ಬಸ್ ಸ್ಟ್ಯಾಂಡಿನವರೆಗೂ ಹೋಗಿ, ಟೀ ಕುಡಿದು ವಾಪಸ್ ಬಂದೆ. ನಿನ್ನೆ ಹತ್ತಿದೆ.

ಬಸವೇಶ್‌ನ ವರ್ಕ್‌ಶಾಪಿನಲ್ಲಿ ಆರು ಜನ ಕೆಲಸದವರು, ಮೂರು ಗಿರಾಕಿ. ಅವನು ಒಳಗೆ ಆಫೀಸಿಗೆ ಬನ್ನಿ ಅಂದ. ಇಲ್ಲೇ ಹೇಳುತ್ತೇನೆ ಅಂದೆ. ಗ್ರೈಂಡರ್ ಓಡುತ್ತಿತ್ತು, ಅದನ್ನು ನಿಲ್ಲಿಸೋಕೆ ಹೇಳಿದೆ. ಎಲ್ಲರೂ ನನ್ನ ಕಡೆ ತಿರುಗಿದರು. ರಾಶಿ, ನಿಯಮ, ಬೀಜ, ಎಲ್ಲ ಹೇಳಿದೆ. ಆಗಸ್ಟಿನಲ್ಲಿ ಹುಡುಗ ಏನು ಮಾಡುತ್ತಿದ್ದ, ನಾನು ಏನಂದೆ, ಸೆಪ್ಟೆಂಬರಿನಲ್ಲಿ ಫೋನಲ್ಲಿ ಏನಂದೆ, ಅದು ಯಾಕೆ ಸುಳ್ಳು, ಎಲ್ಲ. ಅವನ ಕೆಲಸದವನೊಬ್ಬ, "ಕೊನೆ ಕೈ ಮೊದಲು ಅಂತ ನಮ್ಮ ಗೋಡೆ ಮೇಲೂ ಐತಲ್ಲಣ್ಣ" ಅಂತ ಮೆಲ್ಲಗೆ ಅಂದ. ನಾನು ತಲೆ ಎತ್ತಿ ನೋಡಿದೆ. ನನ್ನದಕ್ಕಿಂತ ದೊಡ್ಡ ಅಕ್ಷರದಲ್ಲಿ ಬರೆಸಿದ್ದರು.

ಬಸವೇಶ್ ಎಲ್ಲ ಕೇಳಿಸಿಕೊಂಡ. ಆಮೇಲೆ ಅಂದ: "ಅವತ್ತು ನಿಮ್ಮ ಮಾತು ನಂಬಿ ಬೇಡ ಅಂದೆ. ಇವತ್ತು ನಿಮ್ಮ ಮಾತು ನಂಬಿ ಬಾ ಅನ್ಬೇಕು. ನಾನು ಯಾವ ಹಿದಾಯತ್ ಸಾಬ್ರನ್ನ ನಂಬ್ಲಿ, ನೀವೇ ಹೇಳಿ."

ವಾಪಸ್ ಬಸ್ಸಿನಲ್ಲಿ ಸೀಟಿತ್ತು, ಕೂರೋಕೆ ಮನಸ್ಸಾಗಲಿಲ್ಲ. ಸಿರಾವರೆಗೂ ನಿಂತೇ ಬಂದೆ. ಕಂಡಕ್ಟರ್ ಎರಡು ಸಲ "ಕೂತ್ಕಳಿ ಯಜಮಾನ್ರೆ" ಅಂದ.

ಕೆಲಸ ಆಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಹೇಳಬೇಕಾದ್ದನ್ನು ಹೇಳಿದೆ ಅನ್ನುವುದಷ್ಟೇ ಗೊತ್ತು. ತಡವಾಗಿ ಹೇಳಿದೆ ಅನ್ನುವುದೂ ಗೊತ್ತು.

ಹಿದಾಯತುಲ್ಲಾ


ವಳ್ಳೂರು
8 ಡಿಸೆಂಬರ್ 2024

ಮಾಮು, ಸಲಾಂ.

ಇದು ನಾನೇ, ಮುಸವೀರ್. ಅಕ್ಕನ ಹಾಗೆ ನನಗೆ ಬರೆಯೋಕೆ ಬರಲ್ಲ, ಹೇಳೋದನ್ನ ಹೇಳ್ತೀನಿ.

ಬಸವೇಶಣ್ಣ ಬುಧವಾರ ಫೋನ್ ಮಾಡಿದ್ರು. ನಿಮ್ಮ ಮಾಮು ಬಂದಿದ್ರು, ನಮ್ಮ ಗ್ರೈಂಡರ್ ನಿಲ್ಲಿಸಿ ಭಾಷಣ ಮಾಡಿ ಹೋದ್ರು ಅಂದ್ರು. ನಗ್ತಾ ಹೇಳಿದ್ರು. ಆಮೇಲೆ ನಗು ನಿಲ್ಲಿಸಿ, ಅವರು ಬಾಯಲ್ಲಿ ಎರಡು ಥರ ಹೇಳಿದ್ದಾರೆ, ಈ ಸಲ ಬರೆದು ಕೊಡಲಿ, ಅನುಭವದ ಪತ್ರ ತಗೊಂಡು ಬಾ, ಹದಿನಾರಕ್ಕೆ ಸೇರ್ಕೋ ಅಂದ್ರು.

ನಾನು ನಿಮ್ಮ ಅಂಗಡಿಗೆ ವಾಪಸ್ ಬರಲ್ಲ ಮಾಮು. ಕೋಪಕ್ಕಲ್ಲ. ಕೋಪ ಇತ್ತು, ಸೆಪ್ಟೆಂಬರಿನಲ್ಲಿ ಬಹಳ ಇತ್ತು, ಸಂಜೀವಯ್ಯನ ಬಗ್ಗೆ ನೀವು ಬರೆದಾಗ ಆ ಕಾಗದ ಒಲೆಗೆ ಹಾಕಬೇಕು ಅಂದುಕೊಂಡಿದ್ದೆ, ಅಕ್ಕ ಕಿತ್ಕೊಂಡಳು. ಈಗ ಅಷ್ಟಿಲ್ಲ. ಆದರೆ ಆ ಗೋಡೆ ಕೆಳಗೆ ನಿಂತು ಮೂರು ಸಲ ಓದಿದ್ದು ನನಗೆ ಮರೆಯೋಕಾಗ್ತಿಲ್ಲ. ಸುಣ್ಣ ಬಳಿದಿದ್ದೀರಿ ಅಂತ ಗೊತ್ತು. ಆದರೂ ನನಗೆ ಆ ಅಕ್ಷರ ಕಾಣಿಸುತ್ತೆ.

ನನ್ನದೂ ಒಂದು ತಪ್ಪಿದೆ. ಒಂದು ಸಲ ಹೇಳಿದೆ, ನೀವು ಕೇಳಲಿಲ್ಲ, ಆಮೇಲೆ ಕದ್ದು ಮಾಡಿದೆ. ರಾಶಿ ಇಳಿಯೋದು ನೋಡಿ ನೀವು ಮಾಮಿ ಹತ್ತಿರ ನಿಮ್ಮ ಕೈ ಹೊಗಳಿಕೊಂಡಾಗ ನನಗೆ ಒಳಗೊಳಗೇ ಖುಷಿ ಆಗ್ತಿತ್ತು. ಆಗಲೇ ಹೇಳಿಬಿಡಬೇಕಿತ್ತು. ಹೇಳಿದ್ರೆ ನಿಮ್ಮ ಮುಖ ಹೆಂಗಾಗುತ್ತೋ ಅಂತ ಸುಮ್ಮನಾದೆ.

ಪತ್ರ ಕನ್ನಡದಲ್ಲೇ ಇರಲಿ, ನಿಮ್ಮ ಲೆಟರ್‌ಹೆಡ್ ಮೇಲೆ ಇರಲಿ. ಅದರಲ್ಲಿ ಕೆಲಸ ಬಿಟ್ಟ ಕಾರಣ ಅಂತ ಒಂದು ಸಾಲಿರುತ್ತಂತೆ. ಎಲ್ಲರೂ ಅಲ್ಲಿ "ಸ್ವಂತ ಕಾರಣ" ಅಂತ ಬರೀತಾರಂತೆ. ನೀವು ಹಾಗೆ ಬರೀಬೇಡಿ. ಖಾಲೀನೂ ಬಿಡಬೇಡಿ.

ಮುಸವೀರ್


ಹಿದಾಯತ್ ಎಂಜಿನಿಯರಿಂಗ್ ವರ್ಕ್ಸ್
ಲೇತ್ ಮತ್ತು ವೆಲ್ಡಿಂಗ್ ಕೆಲಸಗಳು, ಸಿರಾ
12 ಡಿಸೆಂಬರ್ 2024

ಅನುಭವ ಪತ್ರ

ಮುಸವೀರ್, ವಯಸ್ಸು ಇಪ್ಪತ್ತೊಂಬತ್ತು, ಇವರು 2016ರ ಜುಲೈನಿಂದ 2024ರ ಆಗಸ್ಟ್ 12ರವರೆಗೆ ನಮ್ಮ ವರ್ಕ್‌ಶಾಪಿನಲ್ಲಿ ವೆಲ್ಡರ್ ಆಗಿ ಕೆಲಸ ಮಾಡಿರುತ್ತಾರೆ.

ಕೆಲಸದ ಗುಣಮಟ್ಟ: ಇವರು ತುಂಬಿಸಿದ ಶಾಫ್ಟು ಬಿರುಕು ಬಿಟ್ಟು ಒಂದೂ ವಾಪಸ್ ಬಂದಿಲ್ಲ.

ಹಾಜರಿ: ಪೂರ್ತಿ. ಕೊನೆಯ ಹತ್ತು ದಿನ ಮಾಲೀಕನಿಗಿಂತ ಒಂದೂವರೆ ಗಂಟೆ ಮೊದಲು ಬಂದಿರುತ್ತಾರೆ.

ನಡತೆ: ತಪ್ಪು ಕಂಡಾಗ ಮಾಲೀಕನಿಗೆ ಎದುರು ನಿಂತು, ಮರ್ಯಾದೆಯಿಂದ, ಒಂದು ಸಲ ಹೇಳಿರುತ್ತಾರೆ. ಇವರನ್ನು ಕೆಲಸಕ್ಕೆ ಇಟ್ಟುಕೊಳ್ಳುವವರು ಆ ಒಂದು ಸಲವೇ ಕೇಳಿಸಿಕೊಳ್ಳಬೇಕಾಗಿ ವಿನಂತಿ.

ಕೆಲಸ ಬಿಟ್ಟ ಕಾರಣ: ವರ್ಕ್‌ಶಾಪಿನಲ್ಲಿ ಕೆಲಸ ಹಂಚುವ ನಿಯಮ ತಪ್ಪಾಗಿತ್ತು. ಆ ನಿಯಮ ಮಾಡಿದವನು ನಾನು. ಅದರಿಂದ ಬಿದ್ದ ರಾಶಿಗೆ ಇವರನ್ನು ಹತ್ತು ಜನರ ಮುಂದೆ ಕೆಲಸಗಳ್ಳ ಎಂದವನು ನಾನು. ಇವರು ಅದನ್ನು ಕೇಳಿಸಿಕೊಂಡು, ಆಗ ತುಂಬಿಸುತ್ತಿದ್ದ ಶಾಫ್ಟು ಬಿಸಿ ಇದ್ದುದರಿಂದ ಯಾರಿಗೂ ತಾಗದ ಹಾಗೆ ಮೂಲೆಗೆ ಇಟ್ಟು, ಹೊರಟು ಹೋಗಿರುತ್ತಾರೆ.

ಸಹಿ
ಹಿದಾಯತುಲ್ಲಾ, ಮಾಲೀಕ

ಸಾಕ್ಷಿ: ಸಂಜೀವಯ್ಯ, ವೆಲ್ಡರ್, ಹೊಳವನಹಳ್ಳಿ
ಸಾಕ್ಷಿ: ಓಬಳಮ್ಮ, ಮದಲೂರು (ಹೆಬ್ಬೆಟ್ಟು. ಅಂಗಡಿ ಮುಂದೆ, ಎಲ್ಲರಿಗೂ ಕೇಳುವ ಹಾಗೆ ಎರಡು ಸಲ ಓದಿಸಿಕೊಂಡು ಒತ್ತಿರುತ್ತಾರೆ.)